ಇಟಾಲಿಯನ್‌ನಿಂದ ಇಂಗ್ಲಿಷ್‌ಗೆ, ಕನ್ನಡದ ದಾರಿಯಲ್ಲಿ: ಮೂರು ಸಲ ಪರೀಕ್ಷೆ ಬರೆದವಳ ಕಥೆ

ಮೊನ್ನೆ ಗುರುವಾರ ಸಂಜೆ ಅನ್ನಕ್ಕೆ ಇಟ್ಟು ಫೋನ್ ನೋಡಿದೆ, ಯೂನಿವರ್ಸಿಟಿ ಪೋರ್ಟಲ್‌ನಲ್ಲಿ ರಿಸಲ್ಟ್ ಬಂದಿತ್ತು. 30ಕ್ಕೆ 26. ಇಟಾಲಿಯನ್‌ನಿಂದ ಇಂಗ್ಲಿಷ್‌ಗೆ ಅನುವಾದ ಮಾಡುವ ಪತ್ರಿಕೆ ಅದು. ನಾನು ಬರೆದದ್ದು ಮೂರನೇ ಸಲ. ಮೊದಲ ಸಲ 14, ಎರಡನೇ ಸಲ 17. ಪಾಸಾಗಲು 18 ಬೇಕು. ಆ 17ರ ಸಂಕಟ ಎಂಥದ್ದು ಅಂತ ಆಮೇಲೆ ಹೇಳುತ್ತೇನೆ.

ಗಂಡನ ಕೆಲಸದ ಜೊತೆ ಇಟಲಿಗೆ ಬಂದು, ಮಗುವನ್ನು ಶಾಲೆಗೆ ಹಾಕಿ, ಈಗ ನಾನೇನು ಮಾಡಲಿ ಅಂತ ಯೋಚಿಸುತ್ತಿರುವ ನಮ್ಮ ಕಡೆಯ ಹೆಣ್ಣುಮಕ್ಕಳು ಇಲ್ಲಿ ಸುಮಾರು ಜನ ಇದ್ದಾರೆ. "ಇಂಗ್ಲಿಷ್ ಹೇಗೂ ಬರುತ್ತೆ, ಇಟಾಲಿಯನ್ ಅಷ್ಟೋ ಇಷ್ಟೋ ಕಲಿತಿದ್ದೀನಿ, ಭಾಷೆಯ ಡಿಗ್ರಿ ಸೇರಿದರೆ ಸುಲಭ ಅಲ್ವಾ" ಅಂತ ನನ್ನನ್ನು ಕೇಳಿದವರೇ ನಾಲ್ಕು ಜನ. ನಾನೂ ಹಾಗೇ ಅಂದುಕೊಂಡು ಸೇರಿದವಳು. ಆದರೆ ಇಟಾಲಿಯನ್‌ಗಿಂತ ಜಾಸ್ತಿ ನನ್ನ ಕೈ ಕಟ್ಟಿಹಾಕಿದ್ದು ಇಂಗ್ಲಿಷ್. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಕನಿಷ್ಠ ಒಂದು ಫೇಲ್ ಆದರೂ ತಪ್ಪುತ್ತಿತ್ತು.

ನನ್ನ ಹಿನ್ನೆಲೆ ಇಷ್ಟೇ. ಊರು ಹಾಸನ. ಬೆಂಗಳೂರಿನಲ್ಲಿ ಆರು ವರ್ಷ ಕಂಪನಿಯೊಂದರಲ್ಲಿ ಕೆಲಸ, ದಿನಕ್ಕೆ ನೂರು ಈಮೇಲ್ ಬರೆದ ಕೈ. ಈಗ ಮಿಲಾನ್‌ನಿಂದ ಮುಕ್ಕಾಲು ಗಂಟೆ ರೈಲು ದೂರದ ಊರಿನಲ್ಲಿ ಇದ್ದೇವೆ. ಸೇರಿದ್ದು ಇದೇ ಲೊಂಬಾರ್ದಿಯಾ ಪ್ರಾಂತ್ಯದ ಒಂದು ಸರ್ಕಾರಿ ಯೂನಿವರ್ಸಿಟಿಗೆ, ಮೂರು ವರ್ಷದ ಡಿಗ್ರಿ, ಒಟ್ಟು 180 ಕ್ರೆಡಿಟ್. ಅನುವಾದದ ಪತ್ರಿಕೆ ಎರಡನೇ ವರ್ಷದಲ್ಲಿ ಬರುತ್ತದೆ, 9 ಕ್ರೆಡಿಟ್. ಇಲ್ಲಿ ಒಂದು ಕ್ರೆಡಿಟ್ ಅಂದರೆ 25 ಗಂಟೆಯ ದುಡಿಮೆ ಅಂತ ಲೆಕ್ಕ, ಕ್ಲಾಸು, ಮನೆ ಓದು ಎಲ್ಲ ಸೇರಿ. ಅಂದರೆ 225 ಗಂಟೆ. ನಾನು ಅದರ ಎರಡರಷ್ಟು ಕೂತಿದ್ದೇನೆ, ಬಿಡಿ.

ಮೊದಲು ಕಾಗದಪತ್ರದ ಕಥೆ ಮುಗಿಸಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ನನ್ನದು ಕುಟುಂಬದ ಪೆರ್ಮೆಸ್ಸೊ, ಅಂದರೆ ಗಂಡನ ಮೂಲಕ ಸಿಕ್ಕ ವಾಸದ ಪರವಾನಗಿ. ಹಾಗಾಗಿ ವಿದ್ಯಾರ್ಥಿ ವೀಸಾದ ಗಲಾಟೆ ಇರಲಿಲ್ಲ, ಇಲ್ಲಿನವರ ಜೊತೆಗೇ ಅರ್ಜಿ ಹಾಕಬಹುದು. ಪಿಯುಸಿ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟ್ ಎರಡಕ್ಕೂ ಮೊದಲು ರಾಜ್ಯ ಸರ್ಕಾರದ ದೃಢೀಕರಣ ಆಗಬೇಕು, ಅದಾದ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಹೊರದೇಶದಲ್ಲೂ ನಡೆಯುವ ದೃಢೀಕರಣದ ಮುದ್ರೆ. ಇದನ್ನು ಅಪ್ಪ ಬೆಂಗಳೂರಿಗೆ ಓಡಾಡಿ ಮಾಡಿಸಿದರು. ನೀವು ರಜೆಗೆ ಊರಿಗೆ ಹೋದಾಗಲೇ ಮಾಡಿಸಿಟ್ಟುಕೊಳ್ಳಿ. ಅಪ್ಪಂದಿರನ್ನು ಬಿಸಿಲಿನಲ್ಲಿ ಓಡಾಡಿಸಬೇಡಿ.

ಆಮೇಲೆ ಅವನ್ನು ಇಟಾಲಿಯನ್‌ಗೆ ಅನುವಾದ ಮಾಡಿಸಿ ಕೋರ್ಟಿನಲ್ಲಿ ಪ್ರಮಾಣ ಮಾಡಿಸಬೇಕು. ಅನುವಾದಕರು ಗುಮಾಸ್ತರ ಎದುರು ನಿಂತು "ನಿಷ್ಠೆಯಿಂದ ಅನುವಾದ ಮಾಡಿದ್ದೇನೆ" ಅಂತ ಹೇಳಿ ಸಹಿ ಹಾಕುತ್ತಾರೆ. ಪ್ರತಿ ನಾಲ್ಕು ಪುಟಕ್ಕೆ 16 ಯೂರೋದ ಮಾರ್ಕಾ ದಾ ಬೊಲ್ಲೊ ಅಂಟಿಸಬೇಕು, ನಮ್ಮ ಛಾಪಾ ಕಾಗದದ ಬಾಬತ್ತಿನಂಥದ್ದು, ಬೀಡಿ ಸಿಗರೇಟು ಮಾರುವ ತಬಾಕ್ಕಿ ಅಂಗಡಿಯಲ್ಲಿ ಸಿಗುತ್ತದೆ. ನನ್ನ ಸ್ವಂತ ಅಂಕಪಟ್ಟಿಯನ್ನು ನಾನೇ ಅನುವಾದ ಮಾಡಿ ಪ್ರಮಾಣ ಮಾಡುವಂತಿಲ್ಲ. ಕೇಳಿ ನೋಡಿದೆ, ಸುಮ್ನೆ ನಕ್ಕರು. ಭಾಷೆಗೆ ಸಿಯೆನಾದ ವಿದೇಶಿಯರ ಯೂನಿವರ್ಸಿಟಿ ನಡೆಸುವ ಚಿಲ್ಸ್ ಪರೀಕ್ಷೆಯ ಬಿ2 ಮಟ್ಟ ಮೊದಲೇ ಪಾಸಾಗಿದ್ದೆ. ಪೆರುಜಾದವರ ಚೆಲಿ ಕೂಡ ನಡೆಯುತ್ತದೆ.

ಫೀಸಿನ ಮೊದಲ ಕಂತು 156 ಯೂರೋ. ಅದರಲ್ಲಿ 140 ಪ್ರಾಂತ್ಯದ ತೆರಿಗೆ, 16 ಅದೇ ಬೊಲ್ಲೊ. ಉಳಿದದ್ದು ಮನೆಯ ಆದಾಯದ ಮೇಲೆ. ಅದಕ್ಕೆ ಈಸೆ ಅಂತ ಒಂದು ಲೆಕ್ಕಪತ್ರ ಮಾಡಿಸಬೇಕು. ಕಾಫ್ ಅನ್ನುವ ಕಚೇರಿಗಳಲ್ಲಿ ದುಡ್ಡಿಲ್ಲದೆ ಮಾಡಿಕೊಡುತ್ತಾರೆ, ಆದರೆ ಎರಡು ವರ್ಷ ಹಿಂದಿನ ಡಿಸೆಂಬರ್ 31ಕ್ಕೆ ಬ್ಯಾಂಕಿನಲ್ಲಿ ಎಷ್ಟಿತ್ತು ಅಂತ ಕೇಳುತ್ತಾರೆ, ಊರಿನ ಖಾತೆಯೂ ಸೇರಿ. ಇದನ್ನು ಮಾಡಿಸದಿದ್ದರೆ ಅತಿ ಹೆಚ್ಚಿನ ಫೀಸು ತಲೆಗೆ ಬೀಳುತ್ತದೆ. ಕಾಗದದ ಕಥೆ ಇಲ್ಲಿಗೆ ಸಾಕು.

ಅನುವಾದದ ಕ್ಲಾಸು ವಾರಕ್ಕೊಂದು ಸಲ, ಎರಡು ಗಂಟೆ. ಟೀಚರ್ ಇಂಗ್ಲೆಂಡಿನವರು, ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದಾರೆ. ಸುತ್ತ ಕೂತವರೆಲ್ಲ ಇಪ್ಪತ್ತರ ಆಸುಪಾಸಿನ ಇಟಾಲಿಯನ್ ಹುಡುಗ ಹುಡುಗಿಯರು. ನನಗೆ 34. ಒಳಗೊಳಗೇ ಒಂದು ಜಂಬ ಇತ್ತು. ಇವರೆಲ್ಲ ತಮ್ಮದಲ್ಲದ ಭಾಷೆಗೆ ಅನುವಾದ ಮಾಡಬೇಕು, ನನಗೆ ಇಂಗ್ಲಿಷ್ ಒಂದನೇ ಕ್ಲಾಸಿನಿಂದ ಬರುತ್ತದೆ ಅಂತ.

ಜಂಬ ಇಳಿಯಲು ನಲವತ್ತು ನಿಮಿಷ ಹಿಡಿಯಿತು. ಮೊದಲ ದಿನ ಕೊಟ್ಟದ್ದು ಪ್ರವಾಸದ ಕರಪತ್ರ. ಬೆಟ್ಟದ ಮೇಲಿನ ಒಂದು ಹಳೇ ಊರನ್ನು ಹೊಗಳಿ "ಸುಜ್ಜೆಸ್ತಿವೊ ಬೋರ್ಗೊ" ಅಂತ ಬರೆದಿದ್ದರು. ನಾನು ಧೈರ್ಯವಾಗಿ "ಸಜೆಸ್ಟಿವ್ ವಿಲೇಜ್" ಅಂತ ಓದಿದೆ. ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು. ಇಟಾಲಿಯನ್‌ನಲ್ಲಿ ಆ ಪದಕ್ಕೆ ಮನಸ್ಸಿಗೆ ಏನೋ ಭಾವ ಹುಟ್ಟಿಸುವ, ಮರುಳು ಮಾಡುವ ಅಂತ ಅರ್ಥ. ಇಂಗ್ಲಿಷ್‌ನಲ್ಲಿ ಸಜೆಸ್ಟಿವ್ ಅಂದರೆ ಹೆಚ್ಚಾಗಿ ಪೋಲಿ ಅರ್ಥವೇ ಬರುತ್ತದೆ. ಬೆಟ್ಟದ ಮೇಲಿನ ದ್ವಂದ್ವಾರ್ಥದ ಹಳ್ಳಿ! ನಗದವರು ಯಾರೂ ಇರಲಿಲ್ಲ, ನಾನೂ ನಕ್ಕೆ. ರೈಲಿನಲ್ಲಿ ಬರುವಾಗ ಮಾತ್ರ ನಗು ಬರಲಿಲ್ಲ.

ಇಂಥ ಮೋಸದ ಪದಗಳು ಒಂದೆರಡಲ್ಲ. ಅತ್ತುವಾಲ್ಮೆಂತೆ ಅಂದರೆ ಆಕ್ಚುಯಲಿ ಅಲ್ಲ, "ಸದ್ಯಕ್ಕೆ". ಎವೆಂತುವಾಲ್ಮೆಂತೆ ಅಂದರೆ "ಬೇಕಾದರೆ, ಹಾಗೇನಾದರೂ ಆದರೆ", ಕೊನೆಗೆ ಅಂತ ಅಲ್ಲ. ಪರೆಂತಿ ಅಂದರೆ ನೆಂಟರು, ಅಪ್ಪ ಅಮ್ಮ ಅಲ್ಲ. ಫತ್ತೊರಿಯಾ ಅಂದರೆ ಹೊಲ ಮನೆ ದನಕರು ಇರುವ ಜಾಗ, ಫ್ಯಾಕ್ಟರಿ ಅಲ್ಲ. ಲಿಬ್ರೆರಿಯಾ ಪುಸ್ತಕದಂಗಡಿ. ಎದುಕಾತೊ ಅಂದರೆ ಓದಿದವನಲ್ಲ, ಒಳ್ಳೇ ನಡತೆಯವನು. ಓದಿದವನಿಗೆಲ್ಲ ಒಳ್ಳೇ ನಡತೆ ಇರುತ್ತದಾ, ಅದು ಬೇರೆ ವಿಷಯ. ಇವನ್ನೆಲ್ಲ ಬರೆದಿಡಲು ಮಗನ ಶಾಲೆಯ ಚೌಕುಳಿ ನೋಟ್‌ಬುಕ್ ಒಂದನ್ನು ಎತ್ತಿಕೊಂಡೆ. ಅದೇ ಆಮೇಲೆ ನನ್ನ ತಪ್ಪಿನ ಪುಸ್ತಕ ಆಯ್ತು. ನೀವು ಯಾವ ಪುಸ್ತಕ ಕೊಳ್ಳದಿದ್ದರೂ ಇಂಥದ್ದೊಂದು ಇಟ್ಟುಕೊಳ್ಳಿ.

ಎರಡನೇ ವಾರ ಮ್ಯೂಸಿಯಂ ಫಲಕ. "ಕ್ವಾತ್ರೊಚೆಂತೊ"ದ ಭಿತ್ತಿಚಿತ್ರ ಅಂತ ಇತ್ತು. ಪದಶಃ ಅದು ನಾನೂರು. ನಾನು ಸೀದಾ ಕ್ರಿಸ್ತಶಕ 400ಕ್ಕೆ ಹೋಗಿಬಿಟ್ಟೆ. ಇಲ್ಲಿ ಸಾವಿರವನ್ನು ಬಾಯಲ್ಲಿ ನುಂಗಿ ಹೇಳುವುದು ರೂಢಿ. ನಾನೂರು ಅಂದರೆ 1400ರ ದಶಕಗಳು, ಇಂಗ್ಲಿಷ್‌ನಲ್ಲಿ 15ನೇ ಶತಮಾನ. ನೊವೆಚೆಂತೊ, ಅಂದರೆ ಒಂಬೈನೂರು, 20ನೇ ಶತಮಾನ. ಒಂದೇ ಏಟಿಗೆ ಸಾವಿರ ವರ್ಷ ಹಿಂದೆ ಹೋಗಿದ್ದೆ. ಅಂಕಿ ಬರೆಯುವ ರೀತಿಯೂ ತಿರುವುಮುರುವು. ಅವರು ಸಾವಿರಕ್ಕೆ ಚುಕ್ಕಿ ಇಡುತ್ತಾರೆ, ದಶಾಂಶಕ್ಕೆ ಅಲ್ಪವಿರಾಮ. ಒಂದು ಊರಿನ ಜನಸಂಖ್ಯೆ 150.000 ಅಂತ ಇದ್ದದ್ದನ್ನು ನಾನು ಚುಕ್ಕಿ ಸರಿ ಮಾಡುವ ಹುಷಾರಿನಲ್ಲಿ 1,50,000 ಅಂತ ಬರೆದೆ. ನಮ್ಮ ಲಕ್ಷದ ಲೆಕ್ಕ! ಟೀಚರ್‌ಗೆ ಅದು ತಪ್ಪು ಅಂತ ಗೊತ್ತಾಯಿತು, ಯಾವ ಜಾತಿಯ ತಪ್ಪು ಅಂತ ಗೊತ್ತಾಗಲಿಲ್ಲ.

ದಾರಿ ಸಿಕ್ಕಿದ್ದು ಅಡುಗೆಯಿಂದ. ನವೆಂಬರ್‌ನಲ್ಲಿ ಒಂದು ದಿನ ಮಿಲಾನ್ ಕಡೆಯ, ಕೇಸರಿ ಹಾಕಿದ ರಿಸೊತ್ತೊ ಅನ್ನುವ ಅನ್ನದ ಅಡುಗೆ ಮಾಡುವ ವಿಧಾನ ಕೊಟ್ಟರು. ಸಾಮಗ್ರಿ ಪಟ್ಟಿಯ ಕೊನೆಗೆ ಉಪ್ಪು, ಅದರ ಮುಂದೆ "ಕ್ಯು. ಬಿ." ಅನ್ನುವ ಎರಡಕ್ಷರ. ಕ್ವಾಂತೊ ಬಾಸ್ತಾ, "ಎಷ್ಟು ಸಾಕೋ ಅಷ್ಟು". ಇದೇನು ಇಂಗ್ಲಿಷ್‌ನಲ್ಲಿ ಅಂತ ಪಕ್ಕದ ಹುಡುಗಿ ಪೆನ್ನು ಕಚ್ಚುತ್ತಿದ್ದಳು. ನನ್ನ ತಲೆಯಲ್ಲಿ ತಾನೇ ತಾನಾಗಿ ಬಂತು: "ಉಪ್ಪು ರುಚಿಗೆ ತಕ್ಕಷ್ಟು". ಅಲ್ಲಿಂದ "ಸಾಲ್ಟ್ ಟು ಟೇಸ್ಟ್" ಒಂದೇ ಹೆಜ್ಜೆ. ಮುಂದಿನ ಸಾಲು ಇನ್ನೂ ಚೆನ್ನಾಗಿತ್ತು. ಈರುಳ್ಳಿಯನ್ನು "ಅಪ್ಪಸ್ಸೀರೆ" ಮಾಡಿ ಅಂತ. ಡಿಕ್ಷನರಿ ನೋಡಿದರೆ ಹೂವು ಬಾಡುವುದಕ್ಕೆ ಹೇಳುವ ಪದ. ಕ್ಲಾಸಿನಲ್ಲಿ ಅರ್ಧ ಜನ ವಿಲ್ಟ್ ಅಂತ ಬರೆದರು. ನನಗೆ ಅಮ್ಮ ಒಲೆ ಮುಂದೆ ನಿಂತು "ಈರುಳ್ಳಿ ಬಾಡಿಸ್ಕೊಳೇ, ಕೆಂಪಗೆ ಮಾಡ್ಬೇಡ" ಅನ್ನುವುದು ಕೇಳಿಸಿತು. ಬಣ್ಣ ತಿರುಗಬಾರದು, ಮೆತ್ತಗಾಗಬೇಕು. ನಾನು "ಸಾಫ್ಟನ್, ವಿದೌಟ್ ಬ್ರೌನಿಂಗ್" ಅಂತ ಬರೆದೆ. ಟೀಚರ್ ಪಕ್ಕದಲ್ಲಿ ಒಂದು ಟಿಕ್ ಹಾಕಿದರು. ಆ ವರ್ಷದ ಮೊದಲನೇ ಟಿಕ್.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಇಟಾಲಿಯನ್ ವಾಕ್ಯ ಓದುವುದು, ಪುಸ್ತಕ ಮುಚ್ಚಿ ಅದನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳುವುದು, ಮನೆಯಲ್ಲಿ ಯಾರಿಗೋ ಹೇಳುವ ಹಾಗೆ, ಆಮೇಲಷ್ಟೇ ಇಂಗ್ಲಿಷ್. ರೈಲಿನಲ್ಲಿ ಪಿಸುಗುಟ್ಟಿಕೊಂಡು ಕೂತಿದ್ದರೆ ಎದುರಿನವರು ಸೀಟು ಬದಲಿಸುತ್ತಿದ್ದರು. ಎಷ್ಟು ಕಡೆ ಹೊಂದುತ್ತದೆ ಅಂದರೆ ಆಶ್ಚರ್ಯ ಆಗುತ್ತದೆ. "ಮಿ ಪಿಯಾಚೆ" ಅಂದರೆ ಹೆಚ್ಚೂಕಮ್ಮಿ "ನನಗೆ ಇಷ್ಟ", ನಾನು ಕರ್ತೃವೇ ಅಲ್ಲ. "ಮಿ ಲಾವೊ ಲೆ ಮಾನಿ" ಅಂದರೆ "ಕೈ ತೊಳೆದುಕೊಳ್ಳುತ್ತೇನೆ". ಆ "ಮಿ" ನಮ್ಮ "ಕೊಳ್ಳು". ಯಾರ ಕೈ ಅಂತ ಅವರೂ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ, ಇಂಗ್ಲಿಷ್‌ನವರಿಗೆ ಮಾತ್ರ "ಮೈ" ಬೇಕೇ ಬೇಕು. "ಅಂದಾವೊ" ಅಂದರೆ "ಹೋಗುತ್ತಿದ್ದೆ". ಆಗ ದಾರಿಯಲ್ಲಿದ್ದೆ ಅಂತಲೂ ಆಗಬಹುದು, ದಿನಾ ಹೋಗುವ ರೂಢಿ ಇತ್ತು ಅಂತಲೂ ಆಗಬಹುದು, ಕನ್ನಡದಲ್ಲೂ ಹಾಗೇ. ಇಂಗ್ಲಿಷ್‌ಗೆ ಬರುವಾಗ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಒತ್ತಕ್ಷರವೂ ನಮಗೆ ಅನುಕೂಲ. ವರ್ಷ ಅನ್ನುವುದಕ್ಕೆ "ಅನ್ನೊ", ಒತ್ತು ಬಿಟ್ಟು ಹೇಳಿದರೆ ನಾಲ್ಕು ಜನರ ಎದುರು ಹೇಳಬಾರದ ಅಂಗದ ಹೆಸರು. ಇಂಗ್ಲಿಷ್‌ನವರು ಇದರಲ್ಲಿ ಒದ್ದಾಡುತ್ತಾರೆ, ನಾವಿಲ್ಲ.

ಎಲ್ಲಕ್ಕಿಂತ ದೊಡ್ಡ ಲಾಭ ಆಗಿದ್ದು ಪತ್ರಿಕೆಯ ಸುದ್ದಿಗಳಲ್ಲಿ. ಇಟಾಲಿಯನ್ ವರದಿಗಾರರು ತಾವು ಖಚಿತ ಮಾಡಿಕೊಳ್ಳದ ಸಂಗತಿಯನ್ನು ಕ್ರಿಯಾಪದದ ಒಂದು ರೂಪದಲ್ಲಿ ಹೇಳುತ್ತಾರೆ. ಮಂತ್ರಿ "ಅವ್ರೆಬ್ಬೆ ದೆತ್ತೊ". ವ್ಯಾಕರಣದ ಪುಸ್ತಕ ನೋಡಿದರೆ "ಹೇಳಿರುತ್ತಿದ್ದರು" ಅನ್ನುವ ಹಾಗೆ ಕಾಣುತ್ತದೆ, ನಾನು ಎರಡು ವಾರ "ವುಡ್ ಹ್ಯಾವ್ ಸೆಡ್" ಅಂತಲೇ ಬರೆದೆ. ಒಂದು ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು. ಇದು ನಮ್ಮ "ಅಂತೆ"! ಮಂತ್ರಿಗಳು ಹೇಳಿದರಂತೆ. ಕಳ್ಳ ಕಿಟಕಿಯಿಂದ ಒಳಗೆ ಬಂದನಂತೆ. ನಾನು ನೋಡಿಲ್ಲ, ಕೇಳಿದ್ದು ಹೇಳುತ್ತಿದ್ದೇನೆ. ಇಂಗ್ಲಿಷ್‌ನಲ್ಲಿ ಕ್ರಿಯಾಪದಕ್ಕೆ ಅಂಥ ಬಾಲ ಇಲ್ಲ, ರಿಪೋರ್ಟೆಡ್ಲಿ ಅಂತಲೋ "ಈಸ್ ಸೆಡ್ ಟು ಹ್ಯಾವ್" ಅಂತಲೋ ಬರೆಯಬೇಕು. ಅಪರಾಧದ ಸುದ್ದಿ ಆದರೆ ಅಲೆಜೆಡ್ಲಿ. ಕೈ ಒದ್ದೆ ಇದ್ದ ಹಾಗೇ ಹೋಗಿ ಪುಸ್ತಕದಲ್ಲಿ ಬರೆದಿಟ್ಟೆ, ಆ ಪುಟದಲ್ಲಿ ಸೋಪಿನ ಕಲೆ ಈಗಲೂ ಇದೆ.

ಇಷ್ಟೆಲ್ಲ ಗೊತ್ತಾದ ಮೇಲೂ ಜನವರಿಯಲ್ಲಿ ಫೇಲಾದೆ. ಅದನ್ನು ಹೇಳುವ ಮೊದಲು ಒಂದು ಎಚ್ಚರಿಕೆ: ಪರೀಕ್ಷೆಗೆ ಪೋರ್ಟಲ್‌ನಲ್ಲಿ ಹೆಸರು ಹಾಕಿಕೊಳ್ಳಬೇಕು, ಕೆಲವು ದಿನ ಮೊದಲೇ ಅದು ಮುಚ್ಚಿಹೋಗುತ್ತದೆ. ಹೆಸರು ಹಾಕಲು ಹೋದರೆ ನನಗೆ ಬಟನ್ನೇ ಕಾಣಲಿಲ್ಲ. ಸೆಗ್ರೆತೆರಿಯಾಗೆ, ಅಂದರೆ ವಿದ್ಯಾರ್ಥಿಗಳ ಕಚೇರಿಗೆ ಎರಡು ಮೇಲ್ ಹಾಕಿದೆ, ಉತ್ತರ ಇಲ್ಲ. ಕೊನೆಗೆ ಪಕ್ಕದ ಹುಡುಗಿ ಹೇಳಿದಳು, ಕೋರ್ಸ್ ಹೇಗಿತ್ತು ಅನ್ನುವ ಪ್ರಶ್ನಾವಳಿ ತುಂಬಿಸದಿದ್ದರೆ ಅದು ತೆರೆಯುವುದೇ ಇಲ್ಲ ಅಂತ. ಕೊನೇ ದಿನ ರಾತ್ರಿ ತುಂಬಿಸಿದೆ. ಎಲ್ಲದಕ್ಕೂ "ತುಂಬಾ ಸಮಾಧಾನ" ಅಂತ ಒತ್ತಿದೆ.

ಪರೀಕ್ಷೆ ಎರಡೂವರೆ ಗಂಟೆ, ಸುಮಾರು 300 ಪದದ ಒಂದು ಬರಹ. ಫೋನ್ ಇಲ್ಲ, ಕಂಪ್ಯೂಟರ್ ಇಲ್ಲ. ಏಕಭಾಷಾ ಡಿಕ್ಷನರಿ ಮಾತ್ರ ಒಯ್ಯಬಹುದು, ಅದೂ ಕಾಗದದ್ದು. ಹಳೇ ಪುಸ್ತಕದಂಗಡಿಯಲ್ಲಿ 20 ಯೂರೋಗೆ ಒಂದು ಹಳೇ ಜಿಂಗರೆಲ್ಲಿ ಡಿಕ್ಷನರಿ ಸಿಕ್ಕಿತ್ತು, ಇಟ್ಟಿಗೆಯಂಥ ಭಾರ. ನಾನು ಮಾಡಿದ ತಪ್ಪು ಏನು ಗೊತ್ತಾ, ಗೊತ್ತಿರುವ ಪದವನ್ನೂ ಹೆದರಿ ಹುಡುಕುತ್ತಾ ಕೂತೆ. ಮನೆಯಲ್ಲಿ ಟ್ರೆಕ್ಕಾನಿ, ವರ್ಡ್‌ರೆಫರೆನ್ಸ್ ಸೈಟ್‌ಗಳಲ್ಲಿ ಎರಡು ಸೆಕೆಂಡಿಗೆ ಸಿಗುವುದು ಅಲ್ಲಿ ಎರಡು ನಿಮಿಷ. ಕೊನೇ ಪ್ಯಾರಾ ಮುಟ್ಟಲೇ ಇಲ್ಲ. 14 ಬಂತು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಏನೇ, ಇಂಗ್ಲಿಷ್‌ನಲ್ಲಿ ಫೇಲಾ? ಕಾನ್ವೆಂಟಿಗೆ ಕಟ್ಟಿದ ಫೀಸೆಲ್ಲ ನೀರಿಗೆ ಹೋಯ್ತಾ?" ಅಂದರು. ತಮಾಷೆಗೇ ಅಂದದ್ದು. ಆದರೂ ಫೋನ್ ಇಟ್ಟ ಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ.

ಫೇಲಾದವರು ತಪ್ಪದೆ ಮಾಡಬೇಕಾದ ಒಂದು ಕೆಲಸ ಇದೆ. ತಿದ್ದಿದ ಪತ್ರಿಕೆಯನ್ನು ನೋಡುವ ಹಕ್ಕು ನಿಮಗಿದೆ, ಟೀಚರ್ ಸಿಗುವ ಸಮಯಕ್ಕೆ ಹೋಗಿ ಕೇಳಿ. ಸುಮಾರು ಜನ ನಾಚಿಕೊಂಡು ಹೋಗುವುದಿಲ್ಲ. ನಾನು ಹೋದೆ. ಇಟಾಲಿಯನ್ ಅರ್ಥ ತಪ್ಪಿದ್ದು ಮೂರೇ ಕಡೆ. ಉಳಿದ ಕೆಂಪೆಲ್ಲ ನನ್ನ ಇಂಗ್ಲಿಷ್ ಮೇಲೆ. ಎಲ್ಲಿ "ದ" ಬೇಕು, ಎಲ್ಲಿ "ಎ" ಬೇಕು ಅನ್ನುವುದೇ ಹತ್ತು ಕಡೆ. ನಮಗೆ ಆ ಪದಗಳೇ ಇಲ್ಲ, ಇಟಾಲಿಯನ್‌ನಲ್ಲಿ ಬೇಡದ ಕಡೆಯೂ ಇದೆ, ನಾನು ಎರಡರ ನಡುವೆ ಅಂದಾಜಿನಲ್ಲಿ ಹಾಕಿದ್ದೆ. ಒಬ್ಬ ಯುವಕ ಕಾಲೇಜು ಮುಗಿಸಿದ ಅನ್ನುವುದಕ್ಕೆ "ಪಾಸ್ಡ್ ಔಟ್" ಅಂತ ಬರೆದಿದ್ದೆ. ಟೀಚರ್ ಪಕ್ಕದಲ್ಲಿ "ಯಾಕೆ ಮೂರ್ಛೆ ಹೋದ?" ಅಂತ ಬರೆದಿದ್ದರು. ಹೆಚ್ಚಾಗಿ ನಮ್ಮ ಕಡೆಯಷ್ಟೇ ನಡೆಯುವ "ಪ್ರಿಪೋನ್" ಸುತ್ತ ಒಂದು ವೃತ್ತ. ಕಚೇರಿ ಪತ್ರವೊಂದರ ಕೊನೆಗೆ "ಡೂ ದ ನೀಡ್‌ಫುಲ್" ಬಂದಿತ್ತು, ಆರು ವರ್ಷದ ಈಮೇಲ್ ಕೈ ಅಷ್ಟು ಬೇಗ ಬಿಡುತ್ತದಾ.

ಇದರಲ್ಲಿ ಒಂದು ತಪ್ಪನ್ನು ನೋಡಿ ಬೆಚ್ಚಿದೆ. "ಮೂರು ವರ್ಷದಿಂದ ಇಲ್ಲಿದ್ದೇನೆ" ಅನ್ನುವುದನ್ನು ಇಟಾಲಿಯನ್‌ನಲ್ಲೂ ವರ್ತಮಾನದಲ್ಲೇ ಹೇಳುತ್ತಾರೆ, "ದಿಂದ" ಅನ್ನುವ ಪ್ರತ್ಯಯದ ಜಾಗದಲ್ಲಿ "ದಾ" ಅಂತ ಇಡುತ್ತಾರೆ. ಕನ್ನಡಕ್ಕೂ ಇಟಾಲಿಯನ್‌ಗೂ ಜೋಡಿ ಸರಿಯಾಗಿದೆ ಅಂತ ಖುಷಿಪಟ್ಟು ನಾನು "ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಥ್ರೀ ಇಯರ್ಸ್" ಅಂತ ಬರೆದಿದ್ದೆ. ಬೇಕಿದ್ದದ್ದು "ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ಥ್ರೀ ಇಯರ್ಸ್". ಪಕ್ಕದ ಇಟಾಲಿಯನ್ ಹುಡುಗಿಯ ಪತ್ರಿಕೆಯಲ್ಲೂ ಅಕ್ಷರಶಃ ಅದೇ ತಪ್ಪು! ಅಂದರೆ ಕನ್ನಡ ನನ್ನನ್ನು ಇಟಾಲಿಯನ್‌ನ ಒಳಗೆ ಕರೆದುಕೊಂಡು ಹೋಗುತ್ತದೆ, ಹೊರಗೆ ಬರುವ ಬಾಗಿಲಲ್ಲಿ ಕೈಬಿಡುತ್ತದೆ. ಇಂಗ್ಲಿಷ್ ಬರೆಯುವಾಗ ಮತ್ತೆ ಇಂಗ್ಲಿಷ್‌ನವರು ಹೇಗೆ ಬರೆಯುತ್ತಾರೆ ಅಂತಲೇ ನೋಡಬೇಕು. ಅದಕ್ಕೇ ಫೆಬ್ರವರಿಯಿಂದ ದಿನಾ ಒಂದು ಇಂಗ್ಲಿಷ್ ಪತ್ರಿಕೆಯ ಒಂದು ಪ್ಯಾರಾ ಕೈಯಲ್ಲಿ ನಕಲು ಮಾಡಿದೆ. ನಮ್ಮ ಶಾಲೆಯ ಕಾಪಿ ಬರಹದ ಹಾಗೆ. ದಡ್ಡತನ ಅನಿಸಬಹುದು, ಆದರೆ "ದ" ಮತ್ತು "ಎ" ಸರಿಹೋಗಿದ್ದು ಅದರಿಂದಲೇ, ವ್ಯಾಕರಣದ ನಿಯಮದಿಂದ ಅಲ್ಲ.

ಎರಡನೇ ಸೆಮಿಸ್ಟರಿನಲ್ಲಿ ಇಬ್ಬರು ಹುಡುಗಿಯರ ಜೊತೆ ಗುಂಪು ಮಾಡಿಕೊಂಡೆ. ನನಗೆ ಕಾಣದ ಇಟಾಲಿಯನ್ ಚೇಷ್ಟೆ ಅವರು ಹೇಳುತ್ತಿದ್ದರು, ಕಾಫಿಗೆ ದುಡ್ಡು ನಾನು ಕೊಡುತ್ತಿದ್ದೆ. ಬಾರ್‌ನಲ್ಲಿ (ಇಲ್ಲಿ ಕಾಫಿ ಅಂಗಡಿಗೆ ಹಾಗೇ ಅನ್ನುವುದು) ನಿಂತುಕೊಂಡೇ ಕುಡಿಯಿರಿ, ಕೂತರೆ ಜಾಸ್ತಿ ರೇಟು. "ಮಗಾರಿ", "ಅಂಜಿ", "ಒರ್ಮಾಯ್" ಇಂಥ ಪುಟ್ಟ ಪದಗಳೇ ನಮ್ಮನ್ನು ಹೆಚ್ಚು ಕಾಡಿದ್ದು. ಮಗಾರಿ ಅಂದರೆ "ಬಹುಶಃ", ಆದರೆ ಒಂಟಿಯಾಗಿ ಉಸಿರು ಬಿಟ್ಟು ಹೇಳಿದರೆ "ಅಯ್ಯೋ, ಹಾಗಾಗಿದ್ದರೆ ಎಷ್ಟು ಚೆನ್ನ". ಗಾದೆಗಳಲ್ಲಿ ನಮಗೆ ಮಜಾ. ತೋಳಕ್ಕೆ ಕೂದಲು ಉದುರಿದರೂ ಚಾಳಿ ಹೋಗಲ್ಲ ಅಂತ ಅವರು, ಇಂಗ್ಲಿಷ್‌ನವರಿಗೆ ಅದೇ ಜಾಗದಲ್ಲಿ ಚಿರತೆ ಮತ್ತು ಅದರ ಚುಕ್ಕೆ. ನಮ್ಮಲ್ಲಿ ನಾಯಿ ಬಾಲ ಅಂದೆ. ಆ ಹುಡುಗಿಯರು ಈಗಲೂ ನನ್ನ ತಪ್ಪು ಮರುಕಳಿಸಿದರೆ ನಾಯಿ ಬಾಲ ಅಂತ ಕೈಯಲ್ಲೇ ತೋರಿಸುತ್ತಾರೆ.

ಕತೆಯೊಂದರ ಸಂಭಾಷಣೆ ಬಂದಾಗ ನನಗೆ ಇನ್ನೊಂದು ಪೆಟ್ಟು. 1940ರ ಆಸುಪಾಸಿನ ಕತೆ, ಗುಮಾಸ್ತ ತನ್ನ ಸಾಹೇಬನಿಗೆ "ವೋಯ್" ಅನ್ನುತ್ತಾನೆ. ಅದು ಬಹುವಚನ ಅಂತ ಕಲಿತಿದ್ದೆ, "ಯೂ ಆಲ್" ಅಂತ ಬರೆದೆ. ಇದ್ದದ್ದು ಒಬ್ಬನೇ ಸಾಹೇಬ. ಈಗ ಮರ್ಯಾದೆಗೆ "ಲೇಯ್" ಬಳಸುತ್ತಾರೆ, ಆದರೆ 1938ರಲ್ಲಿ ಮುಸೊಲಿನಿ ಸರ್ಕಾರ ಲೇಯ್ ಬೇಡ, ವೋಯ್ ಅನ್ನಿ ಅಂತ ಹೇರಿತ್ತಂತೆ. ಮರ್ಯಾದೆಗೆ ಬಹುವಚನ ಅಂದರೆ ನಮ್ಮ "ನೀವು" ತಾನೇ, ಕನ್ನಡದಲ್ಲಿ ಹೇಳಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನನ್ನ ನಿಯಮ ನಾನೇ ಮರೆತಿದ್ದೆ. ಇಂಗ್ಲಿಷ್‌ನಲ್ಲಿ ನೀನು ನೀವು ಎರಡೂ ಒಂದೇ ಆದ್ದರಿಂದ ಆ ಮರ್ಯಾದೆಯನ್ನು ಒಂದು "ಸರ್"ನಲ್ಲೋ ವಾಕ್ಯದ ಬಿಗಿಯಲ್ಲೋ ತೋರಿಸಬೇಕು.

ಯಂತ್ರದ ಅನುವಾದ ಬಳಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಕ್ಲಾಸಿನಲ್ಲೇ ಒಂದು ದಿನ ಯಂತ್ರ ಮಾಡಿದ ಅನುವಾದ ಕೊಟ್ಟು ತಿದ್ದಿ ಅಂದರು. ಅಪಘಾತದ ಸುದ್ದಿ. "ಲಾ ವಿತ್ತಿಮಾ" ಅಂದರೆ ಬಲಿಯಾದ ವ್ಯಕ್ತಿ, ವ್ಯಾಕರಣದಲ್ಲಿ ಅದು ಸ್ತ್ರೀಲಿಂಗ, ಸತ್ತವರು ಗಂಡಸಾದರೂ. ಯಂತ್ರ ಎರಡು ಸಾಲು "ಶಿ" ಅಂತ ಬರೆದು, ಹೆಂಡತಿ ಮಕ್ಕಳನ್ನು ಅಗಲಿದ್ದಾರೆ ಅನ್ನುವ ಕಡೆ "ಹಿ" ಆಗಿತ್ತು. ಇಂಗ್ಲಿಷ್ ಎಷ್ಟು ನುಣುಪಾಗಿತ್ತು ಅಂದರೆ ನಮ್ಮಲ್ಲಿ ಅರ್ಧ ಜನಕ್ಕೆ ಅದು ಕಾಣಲೇ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ನಿಮ್ಮದು ಬರೆಯಿರಿ, ಆಮೇಲೆ ಬೇಕಾದರೆ ಯಂತ್ರದ್ದು ಪಕ್ಕದಲ್ಲಿಟ್ಟು ನೋಡಿ. ಮೊದಲೇ ನೋಡಿದರೆ ಅದರ ವಾಕ್ಯ ತಲೆಯಿಂದ ಇಳಿಯುವುದಿಲ್ಲ.

ಜೂನ್ ಪರೀಕ್ಷೆ. ಸಮಯ ಸರಿಯಾಗಿ ಹಂಚಿಕೊಂಡೆ, ಪೂರ್ತಿ ಬರೆದೆ, ಒಂದು ಸಲ ಓದಿಯೂ ನೋಡಿದೆ. ಎಂಬತ್ತು ವರ್ಷದ ಒಬ್ಬ ಹೆಂಗಸು ಮತ್ತು ಅವಳ "ನಿಪೋತೆ" ಬಗ್ಗೆ ಇದ್ದ ಬರಹ. ನಿಪೋತೆ ಅಂದರೆ ಮೊಮ್ಮಗ, ಮೊಮ್ಮಗಳು, ಅಣ್ಣ ತಮ್ಮ ಅಕ್ಕ ತಂಗಿಯರ ಮಕ್ಕಳು, ಎಲ್ಲಕ್ಕೂ ಒಂದೇ ಪದ. ಸೋದರಳಿಯ, ಸೋದರ ಸೊಸೆ, ಅಣ್ಣನ ಮಗ ಅಂತ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುವ ಭಾಷೆಯಿಂದ ಬಂದವಳು ನಾನು. ಆದರೂ ಮೊದಲ ಸಾಲಿನಲ್ಲಿ ಯಾಕೋ "ನೀಸ್" ಅಂತ ಹಾಕಿಬಿಟ್ಟೆ, ಕೊನೆಯವರೆಗೂ ಹಾಗೇ ಎಳೆದೆ. ನಾಲ್ಕನೇ ಪ್ಯಾರಾದಲ್ಲಿ ಆ ಹುಡುಗಿ ಅವಳನ್ನು "ನೊನ್ನಾ" ಅಂತ ಕರೆಯುತ್ತಾಳೆ. ಅಜ್ಜಿ! ನಾನು ಅದನ್ನೂ "ಗ್ರ್ಯಾನ್ನಿ" ಅಂತ ಸರಿಯಾಗಿ ಅನುವಾದ ಮಾಡಿ ಮುಂದೆ ಹೋಗಿದ್ದೆ. 17. ಪತ್ರಿಕೆ ನೋಡಲು ಹೋದಾಗ ಟೀಚರ್ ಏನೂ ಹೇಳಲಿಲ್ಲ, ಆ ಎರಡು ಪದಗಳ ನಡುವೆ ಒಂದು ಉದ್ದ ಗೆರೆ ಎಳೆದಿದ್ದರು ಅಷ್ಟೇ. 14 ಬಂದಾಗ ಅತ್ತಿದ್ದೆ, 17 ಬಂದಾಗ ಸಿಟ್ಟಿನಲ್ಲಿ ಮನೆಯ ಫ್ರಿಜ್ ಪೂರ್ತಿ ಖಾಲಿ ಮಾಡಿ ತೊಳೆದೆ.

ಜುಲೈನಲ್ಲಿ ಇನ್ನೊಂದು ಪರೀಕ್ಷೆ ಇತ್ತು, ಆದರೆ ಕೆಲವು ಕೋರ್ಸುಗಳಲ್ಲಿ ಒಮ್ಮೆ ಫೇಲಾದವರು ಅದರ ಮುಂದಿನದನ್ನು ಬರೆಯುವಂತಿಲ್ಲ. ನಮ್ಮದರಲ್ಲೂ ಆ ನಿಯಮ ಇತ್ತು, ನಾನು ಓದಿರಲಿಲ್ಲ. ಕೋರ್ಸಿನ ವಿವರದ ಪುಟವನ್ನು ಪೂರ್ತಿ ಓದಿ, ದಯವಿಟ್ಟು. ಆಗಸ್ಟಿನಲ್ಲಿ ಇಡೀ ದೇಶ ಬೀಗ ಹಾಕಿಕೊಂಡು ಸಮುದ್ರಕ್ಕೆ ಹೋಗುತ್ತದೆ. ನಾನು ಮನೆಯಲ್ಲಿ ಕೂತು ದಿನಕ್ಕೊಂದು ಬರಹ, ಕೈಯಲ್ಲಿ, ಗಡಿಯಾರ ಇಟ್ಟುಕೊಂಡು ಮಾಡಿದೆ. ಮೊದಲ ಇಪ್ಪತ್ತು ನಿಮಿಷ ಪೆನ್ನು ಮುಟ್ಟದೆ ಬರಹವನ್ನು ಕೊನೆಯವರೆಗೆ ಓದುವುದು ಅಂತ ಹೊಸ ನಿಯಮ. ಯಾರು, ಯಾರಿಗೆ ಏನಾಗಬೇಕು, ಯಾವ ಕಾಲ. ಮಗ ಪಕ್ಕದಲ್ಲಿ ಕೂತು ನನ್ನ ಇಟಾಲಿಯನ್ ಉಚ್ಚಾರ ತಿದ್ದುತ್ತಿದ್ದ, ಉಚ್ಚಾರಕ್ಕೆ ಪರೀಕ್ಷೆಯಲ್ಲಿ ಅಂಕ ಇಲ್ಲ ಅಂದರೂ ಬಿಡಲಿಲ್ಲ.

ಸೆಪ್ಟೆಂಬರ್ ಪರೀಕ್ಷೆ ಶುಕ್ರವಾರ 11 ಗಂಟೆಗೆ. ಬುಧವಾರ ಗೊತ್ತಾಯಿತು, ಅವತ್ತು ರೈಲು ಮುಷ್ಕರ ಅಂತ. ಇಲ್ಲಿ ಮುಷ್ಕರದ ದಿನವೂ ಕೆಲಸದ ದಿನವಾದರೆ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಖಾತ್ರಿ ರೈಲುಗಳು ಇರುತ್ತವೆ. ಏಳರ ರೈಲು ಹಿಡಿದು ಎಂಟು ಗಂಟೆಗೇ ಹೋಗಿ ಕಾರಿಡಾರ್‌ನಲ್ಲಿ ಕೂತೆ, ಡಬ್ಬಿಯಲ್ಲಿ ಚಿತ್ರಾನ್ನ ಇತ್ತು. ಬರಹ ಪೊ ನದಿಯ ಬಯಲಿನ ಭತ್ತದ ಗದ್ದೆಗಳ ಬಗ್ಗೆ, ಕಳೆ ಕೀಳುತ್ತಿದ್ದ ಹೆಂಗಸರ ಬಗ್ಗೆ. ಅವರಿಗೆ ಮೊಂದೀನೆ ಅನ್ನುತ್ತಾರೆ. ಮೊಣಕಾಲುದ್ದ ನೀರು, ಬಗ್ಗಿದ ಬೆನ್ನು, ಹಾಡು. ಇದನ್ನು ಕನ್ನಡದಲ್ಲಿ ಹೇಳಿಕೊಳ್ಳಲು ನನಗೆ ಕಷ್ಟವೇ ಆಗಲಿಲ್ಲ. ಇಂಗ್ಲಿಷ್‌ನಲ್ಲಿ "ವೀಡಿಂಗ್" ಅಂತ ಬರೆದೆ. "ಹಾಡುತ್ತಿದ್ದರು" ಅನ್ನುವ ಕಡೆ ಒಂದು ನಿಮಿಷ ನಿಂತೆ. ಅವತ್ತು ಹಾಡುತ್ತಿದ್ದರಾ, ದಿನಾನಾ? ದಿನಾ. "ವುಡ್ ಸಿಂಗ್". ವಾಪಸ್ ಬರಲು ಸಂಜೆ ಆರರವರೆಗೆ ಕಾದೆ.

26 ಬಂದ ಮೇಲೆ ಪೋರ್ಟಲ್ ಕೇಳುತ್ತದೆ, ಈ ಅಂಕ ಬೇಕಾ ಬೇಡವಾ ಅಂತ. ಇಲ್ಲಿ ಪಾಸಾದರೂ ಬೇಡ ಅನ್ನಬಹುದು, ಮತ್ತೆ ಬರೆದು ಜಾಸ್ತಿ ತೆಗೆಯಬಹುದು. ಆ ಹುಡುಗಿಯರು 28 ಬಂದರೂ ಬೇಡ ಅನ್ನುತ್ತಾರೆ. ನಾನು ಅನ್ನ ಉಕ್ಕುವ ಮೊದಲೇ "ಬೇಕು" ಒತ್ತಿದೆ.

ನಿನ್ನೆ ಮೂರನೇ ಮಹಡಿಯ ಅಜ್ಜಿ ಬಾಗಿಲು ತಟ್ಟಿದರು. ಅವರು ನನ್ನನ್ನು ನೀನು ಅನ್ನುತ್ತಾರೆ, ನಾನು ಅವರಿಗೆ ಲೇಯ್. ಕೈಯಲ್ಲಿ ಹುಟ್ಟುಹಬ್ಬದ ಕಾರ್ಡು. ಇಂಗ್ಲೆಂಡಿನಲ್ಲಿರುವ ನಿಪೋತೆಗೆ ಕಳಿಸಬೇಕು, ಹುಡುಗನಿಗೆ ಇಟಾಲಿಯನ್ ಓದಲು ಬರುವುದಿಲ್ಲ, ಎರಡು ಸಾಲು ಇಂಗ್ಲಿಷ್‌ನಲ್ಲಿ ಬರೆದುಕೊಡು ಅಂದರು. ಪೆನ್ನು ತೆಗೆದುಕೊಂಡು ಕೇಳಿದೆ, "ಮಗಳ ಮಗನಾ, ತಂಗಿ ಮಗನಾ?" ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿ, ಮಗಳ ಮಗ ಅಂದರು. ಗ್ರ್ಯಾಂಡ್‌ಸನ್ ಅಂತ ಬರೆದೆ. ಮುಂದಿನ ಸಾಲು "ಒರ್ಮಾಯ್ ಸೇಯ್ ಗ್ರಾಂದೆ". ಇನ್ನೇನು ದೊಡ್ಡವನಾದೆಯಲ್ಲಪ್ಪಾ. ಆ "ಇನ್ನೇನು"ಗೆ ಇಂಗ್ಲಿಷ್‌ನಲ್ಲಿ ಏನು ಬರೆಯುವುದು ಅಂತ ಇಬ್ಬರೂ ಅಡುಗೆಮನೆಯಲ್ಲಿ ಅರ್ಧ ಗಂಟೆ ಕೂತೆವು, ಮಧ್ಯೆ ಒಂದು ಕಾಫಿಯೂ ಆಯ್ತು.